ಎಂಬತ್ತೆಂಟು ಸೆಕೆಂಡಿನ ಕೋಳಿ ತೊಡೆ

ಹೆದ್ದಾರಿ ಪಕ್ಕ ಬರ್ಗರ್, ಕೋಳಿ, ಮೀನು, ಟಾಕೊ ಎಂದು ದೀಪದ ಬೋರ್ಡು ನೇತುಹಾಕಿಕೊಂಡು ಕೂತಿರುವ ಕಂಪನಿ ಅಂಗಡಿಗಳಲ್ಲಿ ನಾನು ತಿನ್ನದೆ ಬಿಟ್ಟದ್ದು ಒಂದೂ ಇಲ್ಲ. ನಲವತ್ತೆಂಟು ರಾಜ್ಯ, ಮೂವತ್ತೊಂದು ವರ್ಷ, ಒಂದೇ ಹೊಟ್ಟೆ. ಇದರಲ್ಲಿ ಅರ್ಧ ಸುಳ್ಳು, ಈಗಲೇ ಒಪ್ಪಿಕೊಂಡುಬಿಡುತ್ತೇನೆ. ರಾಜ್ಯ ಹತ್ತೊಂಬತ್ತು ಇದ್ದೀತು. ಉಳಿದವನ್ನು ನನ್ನ ಗಂಡ ಡೆಲ್ಮರ್ ಲಾರಿ ಓಡಿಸುತ್ತಾ ತಿಂದು, ಮನೆಗೆ ಬಂದು ಎದೆಯುರಿ ಎಂದು ಹೊರಳಾಡುತ್ತಾ ನನಗೆ ವರದಿ ಒಪ್ಪಿಸಿದ್ದು. ಗಂಡನ ಎದೆಯುರಿಯಲ್ಲಿ ಹೆಂಡತಿಗೆ ಅರ್ಧ ಪಾಲು ಇರುತ್ತದೆ. ಹಾಗಾಗಿ ನಾನೂ ತಿಂದ ಹಾಗೆಯೇ. ಅವನು ಹೋಗಿ ಒಂಬತ್ತು ವರ್ಷವಾಯಿತು. ನಾನಿನ್ನೂ ಇದ್ದೇನೆ.

ಆ ಜಂಬ ಕೊಚ್ಚಿಕೊಂಡದ್ದೇ ಮುಳುವಾಯಿತು. ನಮ್ಮ ಟಿಬ್ಬಿಟ್ಸ್ ಊರು ಅನ್ನಿಸಿಕೊಳ್ಳುವಷ್ಟು ದೊಡ್ಡದಲ್ಲ. ಮಿಸೌರಿಯ ನಡುವೆ ಹೆದ್ದಾರಿ ಒಮ್ಮೆ ಆಕಳಿಸಿದಾಗ ಬಾಯಿಂದ ಉದುರಿದ ಚೂರು. ಹೆದ್ದಾರಿಯಿಂದ ಇಳಿಯುವ ನೂರ ಹದಿನೆಂಟನೇ ಎಕ್ಸಿಟ್ಟು, ಎರಡು ಪೆಟ್ರೋಲ್ ಬಂಕು, ಒಂದು ಮೋಟೆಲು, ಒಂದು ಚರ್ಚು. ತಿನ್ನುವ ಅಂಗಡಿ ಮಾತ್ರ ಒಂಬತ್ತು. ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ನಾನು ಈ ನಲವತ್ತೆಂಟು ರಾಜ್ಯದ ಕಥೆ ಶುರುಮಾಡಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಬಂದ. ನನ್ನ ಬಟ್ಟೆ ಒಣಹಾಕುವ ಹಗ್ಗವೂ ಅವನಿಗಿಂತ ದಪ್ಪ. ಹೆಸರು ಎಲಿಯಟ್ ಪ್ರಾಕ್ಟರ್. ದೂರದ ವರ್ಮಾಂಟಿನವನು.

“ಅಮ್ಮಾ, ಎಲ್ಲಾ ಕಡೆನೂ ತಿಂದಿದೀರಂತೆ?”

“ತಿಂದಿದೀನಿ. ಇನ್ನೂ ಉಸಿರಾಡ್ತಾ ಇದೀನಿ. ಬೇರೆ ಸರ್ಟಿಫಿಕೇಟ್ ಬೇಕೇನಪ್ಪಾ?”

ಅವನು ಪ್ರಯಾಣಿಕರಿಗಾಗಿ ಒಂದು ಪುಸ್ತಕ ಬರೆಯುತ್ತಿದ್ದನಂತೆ. ಹೊರದೇಶದಿಂದ ಬಂದವರು ನಮ್ಮ ಹೆದ್ದಾರಿಗಳಲ್ಲಿ ಹೋಗುವಾಗ ಯಾವ ಕಂಪನಿ ಅಂಗಡಿಗೆ ನುಗ್ಗಬೇಕು, ಏನು ತಿನ್ನಬೇಕು, ಯಾವುದನ್ನು ಕಂಡರೆ ಓಡಬೇಕು ಎಂದು ಹೇಳುವ ಕೈಪಿಡಿ. ನಮ್ಮ ಎಕ್ಸಿಟ್ಟಿನಲ್ಲೇ ಅವನ ಕಾರಿನ ಗೇರ್‌ಬಾಕ್ಸ್ ಪ್ರಾಣ ಬಿಟ್ಟಿತ್ತು. ಗ್ಯಾರೇಜಿನವನು ಹತ್ತು ದಿನ ಕೇಳಿದ್ದ.

“ಕಾರು ನಿಮ್ದು, ಅನುಭವ ನಿಮ್ದು. ಪೆಟ್ರೋಲು, ಊಟ ನಂದು,” ಎಂದ.

“ಪೆಟ್ರೋಲ್ ಹಾಕ್ಸು. ಊಟ ನೀನೇ ಮಾಡ್ಕೋ ಮಾರಾಯ. ನಾನು ಮನೇಲಿ ಬೀನ್ಸ್ ಬೇಯಿಸ್ಕೊಂಡ್ ತಿಂದು ಬರ್ತೀನಿ.”

ನಾನು ಒಪ್ಪಿಕೊಂಡದ್ದಕ್ಕೆ ನಿಜವಾದ ಕಾರಣ ನನ್ನ ನಾದಿನಿ ಜಾರ್ಜೀನ್. ಡೆಲ್ಮರನ ತಂಗಿ, ಅರವತ್ತೊಂದು ವರ್ಷ. ಅವಳ ಬಲಗಾಲಿನ ಮಂಡಿಯಲ್ಲಿ ಮೂಳೆಗೆ ಮೂಳೆ ತಿಕ್ಕಿ ಬೀಸುವ ಕಲ್ಲಿನ ಸದ್ದು ಬರುತ್ತಿತ್ತು. ಚರ್ಚಿನಲ್ಲಿ ಅವಳು ಮಂಡಿಯೂರಿದರೆ ಪಾದ್ರಿಗಳು ಬಾಗಿಲು ಕಿರುಗುಟ್ಟಿತೆಂದು ತಿರುಗಿ ನೋಡುತ್ತಿದ್ದರು. ಕಾರಿನ ಬ್ರೇಕು ತುಳಿಯಲು ಆಗುತ್ತಿರಲಿಲ್ಲ. ದಿನಾ ಅವಳನ್ನು ಕೆಲಸಕ್ಕೆ ಬಿಟ್ಟು ಬರುವವಳು ನಾನು. ಆ ತಿಂಗಳ ಹದಿನಾಲ್ಕಕ್ಕೆ ಆಪರೇಷನ್ನು ಗೊತ್ತಾಗಿತ್ತು. ಹೊಸ ಮಂಡಿ ಹಾಕುತ್ತಾರೆ. ಅದಕ್ಕೆ ಇನ್ಶೂರೆನ್ಸ್ ಬೇಕು. ಇನ್ಶೂರೆನ್ಸ್ ಇರುವುದು ಅವಳು ಮ್ಯಾನೇಜರ್ ಆಗಿದ್ದುದರಿಂದ. ‘ಬಾರ್ನ್ ಬಾಸ್ಕೆಟ್’ ಎಂಬ ಕಂಪನಿಯ ನಮ್ಮೂರ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಬರ್ಗರ್ ಮಗುಚಿ, ಕೋಳಿ ಕರಿದು, ಏರಿದ ಪಟ್ಟ ಅದು. ಬರೀ ಕೌಂಟರಿನಲ್ಲಿ ನಿಲ್ಲುವವರಿಗೆ ಆ ಕಂಪನಿ ಜ್ವರದ ಮಾತ್ರೆಯನ್ನೂ ಕೊಡುವುದಿಲ್ಲ.

ಸೋಮವಾರ ಬೆಳಿಗ್ಗೆ ಅವಳನ್ನು ಅಂಗಡಿಗೆ ಬಿಟ್ಟು, ಮೋಟೆಲಿನಿಂದ ಪ್ರಾಕ್ಟರನನ್ನು ಹತ್ತಿಸಿಕೊಂಡು ಹೊರಟೆ.

ಮೊದಲು ‘ಸೀ ಸ್ಕಿಪ್ಪರ್’. ಸಮುದ್ರ ಅಲ್ಲಿಂದ ಸಾವಿರ ಮೈಲಿ ದೂರ. ಆ ಮೀನು ಅಷ್ಟೂ ದೂರ ನಡೆದುಕೊಂಡೇ ಬಂದಿರಬೇಕು, ಅಷ್ಟು ಸುಸ್ತಾಗಿತ್ತು. ಪ್ರಾಕ್ಟರ್ ಒಂದು ತುಂಡು ಕಚ್ಚಿದ. ಹೊರಗಿನ ಹಿಟ್ಟಿನ ಚಿಪ್ಪು ಅವನ ತುಟಿಯ ಮೇಲೆ ಉಳಿಯಿತು. ಒಳಗಿನಿಂದ ಬೂದು ಬಣ್ಣದ ಒದ್ದೆ ವಸ್ತುವೊಂದು ಜಾರಿತು. ಮೂರು ದಿನದ ಗಾಯದ ಪಟ್ಟಿ ಬಿಚ್ಚಿದಾಗ ಕಾಣುತ್ತದಲ್ಲ, ಅದೇ ಬಣ್ಣ. ಅವನು ಅಗಿಯುತ್ತಾ ಪುಸ್ತಕದಲ್ಲಿ ಏನೋ ಗೀಚಿದ.

“ಏನ್ ಬರದೆ?”

“ಮೃದುವಾಗಿದೆ ಅಂತ.”

“ಸತ್ತಿದೆ ಅಂತ ಬರಿ. ಮಧ್ಯಾಹ್ನ ಎರಡಾದ್ಮೇಲೆ ಈ ಮೀನಿನ ಅಂಗಡಿ ಬಾಗ್ಲಿಗೆ ಹೋಗ್ಬೇಡಿ ಅಂತ್ಲೂ ಬರಿ. ಬೆಳಗ್ಗಿನ ಎಣ್ಣೆ ಅಷ್ಟೊತ್ತಿಗೆ ರಸ್ತೆಗೆ ಹಾಕೋ ಡಾಂಬರಾಗಿರುತ್ತೆ.”

ಆಮೇಲೆ ‘ಅಂಕಲ್ ಓಟಿಸ್’. ಅಲ್ಲಿ ಆಲೂಗಡ್ಡೆ ಮುದ್ದೆಯ ಮೇಲೆ ಕಂದು ಗ್ರೇವಿ ಸುರಿಯುತ್ತಾರೆ. ಐದು ನಿಮಿಷ ಬಿಟ್ಟರೆ ಅದರ ಮೇಲೆ ಚರ್ಮ ಬೆಳೆಯುತ್ತದೆ. ಪ್ರಾಕ್ಟರ್ ಚಮಚದಿಂದ ಚರ್ಮದ ಅಂಚು ಎತ್ತಿದ. ಅದು ಇಡಿಯಾಗಿ ಎದ್ದಿತು. ಕೈಬಿಟ್ಟ. ಕಂಬಳಿ ಎಳೆದುಕೊಂಡು ಮತ್ತೆ ಮಲಗಿತು. ಮುಂದೆ ‘ಟಾಕೊ ಗಢ’. ಅಲ್ಲಿ ಮಾಂಸವನ್ನು, ಕಿಟಕಿಯ ಸಂದಿಗೆ ಮೇಣ ತುಂಬುತ್ತಾರಲ್ಲ, ಅಂಥ ಗನ್ನಿನಿಂದ ಹಿಂಡುತ್ತಾರೆ. ಪಿಚಕ್ ಎಂದು ಬಂದು ಬೀಳುತ್ತದೆ. ಸದ್ದು ಕೇಳಿದರೇ ಸಾಕು, ಸ್ನಾನ ಮಾಡಬೇಕು ಅನ್ನಿಸುತ್ತದೆ. ಅಲ್ಲಿಯ ಒಬ್ಬಳು ಒಂದೇ ಬಟ್ಟೆಯಲ್ಲಿ ಕುರ್ಚಿ ಒರೆಸಿದಳು, ಅದರಲ್ಲೇ ಮೇಜು ಒರೆಸಿದಳು, ಪಕ್ಕದಲ್ಲಿ ಮಗು ಇದ್ದಿದ್ದರೆ ಅದರ ಮೂಗನ್ನೂ ಒರೆಸುತ್ತಿದ್ದಳು. ನನ್ನ ಮೊಣಕೈ ಮೇಜಿಗೆ ಅಂಟಿಕೊಂಡಿತು. ಬಿಡಿಸಿಕೊಳ್ಳುವಾಗ ಕೋಟಿನ ಅರ್ಧ ತೋಳು ಅಲ್ಲೇ ಉಳಿಯಿತು ಎಂದರೆ ನೀವು ನಂಬುವುದಿಲ್ಲ. ಬೇಡ, ಒಂದು ಗುಂಡಿ ಉಳಿಯಿತು ಎಂದಾದರೂ ನಂಬಿ.

“ಅಮ್ಮಾ, ಹೊಸಬ್ರು ಮೊದ್ಲು ಏನ್ ನೋಡ್ಬೇಕು?” ಎಂದು ಕಾರಿನಲ್ಲಿ ಕೇಳಿದ. ಮುಖ ಸುಣ್ಣದ ಹಾಗಾಗಿತ್ತು.

“ಕಕ್ಕಸು ನೋಡ್ಬೇಕು. ಜನ ನೋಡೋ ಜಾಗಾನೇ ತೊಳೀದೇ ಇರೋರು, ನೋಡದೇ ಇರೋ ಅಡುಗೆಮನೆ ತೊಳೀತಾರಾ? ಆಮೇಲೆ, ಬೆಳಗ್ಗೆ ಹೊತ್ತು ಮುದುಕ್ರು ಕಾಫಿ ಹಿಡ್ಕೊಂಡು ಗುಂಪಾಗಿ ಕೂತಿದಾರಾ ನೋಡು. ಇದ್ರೆ ಅಲ್ಲಿ ಕಾಫಿ ಕುಡೀಬೋದು. ಆ ಮುದುಕ್ರು ಬಿಟ್ಟಿ ಸಿಕ್ಕಿದ್ರೂ ಕೆಟ್ಟ ಕಾಫಿ ಕುಡಿಯೋರಲ್ಲ.”

“ಆಲೂಗಡ್ಡೆ ಫ್ರೈಸು?”

“ಉಪ್ಪಿಲ್ದೇ ಕೊಡಿ ಅನ್ನು. ದೀಪದ ಕೆಳಗೆ ಕೊಳೀತಿರೋದಕ್ಕೆಲ್ಲಾ ಉಪ್ಪು ಹಾಕ್ಬಿಟ್ಟಿರ್ತಾರೆ. ಬೈಕೊಂಡಾದ್ರೂ ಹೊಸದಾಗಿ ಕರಿದು ಕೊಡ್ಲೇಬೇಕು. ಉಪ್ಪು ಆಮೇಲೆ ನೀನೇ ಹಾಕ್ಕೋ.”

ಅವನು ನನ್ನನ್ನು ಪಾದ್ರಿಗಳನ್ನು ನೋಡುವ ಹಾಗೆ ನೋಡಿದ. ಒಂದು ಚೀಸ್ ಹಾಳೆ ಅವನ ಬರ್ಗರಿನಿಂದ ಜಾರಿ ಕಾರಿನ ನೆಲಕ್ಕೆ ಬಿದ್ದಿತ್ತು. ಸೋಮವಾರ ಬಿದ್ದದ್ದು ಗುರುವಾರ ಹೇಗಿತ್ತೋ ಹಾಗೇ ಇತ್ತು. ಒಂದು ಇರುವೆ ಬಂದು, ಸುತ್ತ ಒಂದು ಸುತ್ತು ಹಾಕಿ, ಮನೆಯವರಿಗೆ ಹೇಳಲು ವಾಪಸು ಹೋಯಿತು. ಯಾರೂ ಬರಲಿಲ್ಲ.

ಆ ಗುರುವಾರ ಸಂಜೆ ಜಾರ್ಜೀನಳನ್ನು ಕರೆದುಕೊಂಡು ಬರಲು ಹೋದಾಗ ಅವಳು ಅಂಗಡಿಯ ಹಿಂಬದಿ, ಕಸದ ಪೆಟ್ಟಿಗೆಯ ಪಕ್ಕ, ಎಣ್ಣೆ ಡಬ್ಬದ ಮೇಲೆ ಕೂತಿದ್ದಳು. ಪ್ರಾಕ್ಟರ್ ಹಿಂದಿನ ಸೀಟಿನಲ್ಲಿದ್ದ.

“ಅತ್ತಿಗೇ, ನನ್ ಮಂಡಿ ಹೋಯ್ತು,” ಎಂದಳು.

“ಎಲ್ಲಿಗ್ ಹೋಯ್ತೇ? ಇಲ್ಲೇ ಕಾಣ್ತಿದೆಯಲ್ಲ, ಕುಂಬಳಕಾಯಿ ಹಾಗೆ.”

“ತಮಾಷೆ ಬೇಡ ಅತ್ತಿಗೆ. ಕ್ರೇಗ್ ಬಂದಿದ್ದ.”

ಕ್ರೇಗ್ ಡನ್‌ಲೀವಿ ಅವರ ಹದಿನಾಲ್ಕು ಅಂಗಡಿಗಳ ಮೇಲಿನ ಸಾಹೇಬ. ಮೂವತ್ತು ದಾಟಿರಬಹುದು. ಅವನ ಸೆಂಟಿನ ವಾಸನೆ ಅವನಿಗಿಂತ ಹತ್ತು ನಿಮಿಷ ಮೊದಲು ಬಂದು, ಅವನು ಹೋದಮೇಲೆ ಅರ್ಧ ದಿನ ಇರುತ್ತದೆ. ಅವನ ಕಾಯಿಲೆ ಗಡಿಯಾರ. ಡ್ರೈವ್‌ಥ್ರೂ ಎಂದರೆ ಕಾರಿನಿಂದ ಇಳಿಯದೆ ಕೊಳ್ಳುವ ದಾರಿ; ಅದರ ಸಿಮೆಂಟಿನ ಕೆಳಗೆ ತಂತಿ ಹೂತಿರುತ್ತಾರೆ. ಏನು ಬೇಕೆಂದು ಕೇಳುವ ಬೋರ್ಡಿನ ಹತ್ತಿರ ಕಾರು ಬಂದ ತಕ್ಷಣ ಒಳಗೆ ಸೆಕೆಂಡು ಓಡಲು ಶುರು. ಕಿಟಕಿ ಬಿಟ್ಟು ಹೋದಾಗ ನಿಲ್ಲುತ್ತದೆ. ಅಡುಗೆಮನೆಯ ಗೋಡೆಯ ಮೇಲೆ ಒಂದು ಪರದೆ. ದಿನದ ಸರಾಸರಿ ಇನ್ನೂರು ಸೆಕೆಂಡಿನ ಒಳಗಿದ್ದರೆ ಹಸಿರು, ದಾಟಿದರೆ ಕೆಂಪು. ಜಾರ್ಜೀನಳ ಪರದೆ ಒಂದು ತಿಂಗಳಿಂದ ಕೆಂಪಾಗಿತ್ತು. ಆ ಮಂಡಿಯಲ್ಲಿ ಅವಳು ಎಣ್ಣೆ ತೊಟ್ಟಿಯಿಂದ ಕಿಟಕಿಗೆ ಬರುವಷ್ಟರಲ್ಲಿ ಫ್ರೈಸಿಗೆ ಗಡ್ಡ ಬರುತ್ತಿತ್ತು.

“ನಾಳೆ ಸಂಜೆ ಐದಕ್ಕೆ ಬರ್ತಾನಂತೆ. ಪರದೆ ಹಸಿರಾಗಿಲ್ದಿದ್ರೆ ಸೋಮವಾರದಿಂದ ನಾನು ಕೌಂಟರ್ ಕೆಲ್ಸದೋಳು. ಇನ್ಶೂರೆನ್ಸ್ ಇಲ್ಲ. ಹದಿನಾಲ್ಕಕ್ಕೆ ಇನ್ನೂ ಎಂಟು ದಿನ ಇದೆ ಅತ್ತಿಗೆ. ಎಂಟೇ ದಿನ ತಡ್ಕೊಳ್ಳಿ ಅಂತ ಕೇಳ್ದೆ.”

“ಏನಂದ?”

“ಮಂಡಿ ನಿಮ್ ಪರ್ಸನಲ್ ವಿಷ್ಯ ಅಂದ.”

ನನ್ನ ಬಾಯಿಗೆ ಬಂದ ಮಾತನ್ನು ಇಲ್ಲಿ ಹೇಳುವುದಿಲ್ಲ. ಪ್ರಾಕ್ಟರ್ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಲು ಹೋಗಿ ಕಾಗುಣಿತ ಕೇಳಿದ.

ಜಾರ್ಜೀನ್ ಕಣ್ಣೊರೆಸಿಕೊಂಡು ಹೇಳಿದಳು, “ಬೇರೆ ಅಂಗಡಿಯೋರು ಏನ್ ಮಾಡ್ತಾರೆ ಗೊತ್ತಾ? ಜನ ಇಲ್ದಾಗ ಕೆಲ್ಸದೋರೇ ತಮ್ ಕಾರ್ ತಗೊಂಡು ಡ್ರೈವ್‌ಥ್ರೂನಲ್ಲಿ ಸುಮ್ನೆ ಸುತ್ತು ಹೊಡೀತಾರೆ. ಏನೂ ತಗೊಳಲ್ಲ. ಬೋರ್ಡಿಂದ ಕಿಟಕಿಗೆ ಎಂಟು ಸೆಕೆಂಡು. ಗಡಿಯಾರಕ್ಕೇನ್ ಗೊತ್ತು, ಗಿರಾಕಿ ಅನ್ಕೊಳತ್ತೆ. ಸರಾಸರಿ ಇಳಿಯುತ್ತೆ. ನಾನು ಇಷ್ಟು ವರ್ಷ ಮಾಡಿಲ್ಲ. ಈಗ ಮಾಡೋಣ ಅಂದ್ರೆ ಬ್ರೇಕ್ ತುಳಿಯೋಕಾಗಲ್ಲ.”

“ನನ್ ಕಾಲು ಇದ್ಯಲ್ಲೇ!” ಎಂದೆ.

ಮರುದಿನ ಮಧ್ಯಾಹ್ನ ಎರಡರಿಂದ ನಾಲ್ಕು, ಅಂಗಡಿಗೆ ನೊಣವೂ ಬಾರದ ಹೊತ್ತು. ನನ್ನ ಕಂದು ಬ್ಯೂಕ್ ಕಾರಿನಲ್ಲಿ ನಾನು, ಪಕ್ಕದಲ್ಲಿ ಪ್ರಾಕ್ಟರ್. ಮೆಷಿನ್ನಿನಲ್ಲಿ ಏನಾದರೂ ಒತ್ತಬೇಕಾದ್ದರಿಂದ ಜಾರ್ಜೀನ್ ಪ್ರತಿ ಸುತ್ತಿಗೂ ‘ಒಂದು ಲೋಟ ನೀರು’ ಎಂದು ಒತ್ತುತ್ತಿದ್ದಳು.

ಮೊದಲ ಸುತ್ತಿನಲ್ಲಿ ಕಿಟಕಿಯಿಂದ ತಲೆ ಹೊರಹಾಕಿ ಹೇಳಿದಳು, “ಅತ್ತಿಗೆ, ಇನ್ನೂರಕ್ಕೆ ಇಳಿದ್ರೆ ಸಾಕು. ನೂರತೊಂಬತ್ತು ಬಂದ ತಕ್ಷಣ ನಿಲ್ಸಿ. ಜಾಸ್ತಿ ಬೇಡ.”

“ಆಯ್ತೇ, ಆಯ್ತೇ.”

ನಾನು ಯಾವತ್ತು ಏನನ್ನು ಅಳತೆಯಲ್ಲಿ ಮಾಡಿದ್ದೇನೆ? ಇಪ್ಪತ್ತು ಸುತ್ತಾಗುವಷ್ಟರಲ್ಲಿ ತಿರುವು ಕೈಗೆ ಕೂತಿತು. ಮೂವತ್ತಕ್ಕೆ ಕಾರಿಗೂ ಹುರುಪು ಬಂತು. ಪರದೆ ಹಸಿರಾಯಿತು ಎಂದು ಜಾರ್ಜೀನ್ ಕಿಟಕಿಯಿಂದ ಕೈ ಬೀಸಿದಳು. ಪ್ರೋತ್ಸಾಹ ಎಂದುಕೊಂಡೆ. ಅಡ್ಡಡ್ಡ ಬೀಸಿದಳು. ಇನ್ನೂ ಜೋರು ಅನ್ನುತ್ತಿದ್ದಾಳೆ ಎಂದುಕೊಂಡೆ. ಅಂಗಡಿಯ ಹಿಂಬದಿ ತಿರುಗುವಾಗ ಪ್ರತಿಸಲವೂ ಹಳೆ ಎಣ್ಣೆಯ ಗಾಳಿ ಕಾರಿನೊಳಗೆ ನುಗ್ಗಿ, ಕೆನ್ನೆಗೆ ಒದ್ದೆ ಕೈ ಇಟ್ಟ ಹಾಗಾಗುತ್ತಿತ್ತು. ನನ್ನ ಕನ್ನಡಕದ ಮೇಲೆ ಜಿಡ್ಡಿನ ಪದರ ಕಟ್ಟಿತು. ತಲೆಗೂದಲಿನಲ್ಲಿ ಒಂದು ವಾರ ಈರುಳ್ಳಿ ಉಂಗುರದ ವಾಸನೆ ಹೋಗಲಿಲ್ಲ, ಬೀದಿನಾಯಿಗಳು ನನ್ನನ್ನು ಮನೆತನಕ ಬಿಡಲು ಬರುತ್ತಿದ್ದವು.

“ಅಮ್ಮಾ, ನಂಗೆ ವಾಂತಿ ಬರ್ತಿದೆ,” ಎಂದ ಪ್ರಾಕ್ಟರ್.

“ಲೋಟ ಇದ್ಯಲ್ಲ, ಅದ್ರಲ್ ಮಾಡು. ಕಿಟಕಿ ಹತ್ರ ಮಾತ್ರ ನಗ್ತಾ ಇರು, ಗಿರಾಕಿ ಥರ ಕಾಣ್ಬೇಕು.”

“ಇದ್ನ ತಿಂದ್ ಗಿರಾಕಿಗಳು ನಗಲ್ಲ ಅಮ್ಮಾ.”

ಸಾವಿರ ಸುತ್ತು ಹೊಡೆದೆ. ಪ್ರಾಕ್ಟರ್ ಎಣಿಸಿದ್ದು ನೂರ ಹದಿನೆಂಟು. ಅವನ ಮಾತನ್ನೇ ಇಟ್ಟುಕೊಳ್ಳಿ. ನಾಲ್ಕು ಗಂಟೆಗೆ ಜಾರ್ಜೀನ್ ಕುಂಟುತ್ತಾ ಹೊರಗೆ ಬಂದು ಕಾರಿನ ಮುಂದೆ ಎರಡೂ ಕೈ ಚಾಚಿ ನಿಂತಾಗಲೇ ನಿಲ್ಲಿಸಿದ್ದು.

“ಎಷ್ಟೇ ಬಂತು?” ಎಂದು ಹೆಮ್ಮೆಯಿಂದ ಕೇಳಿದೆ.

“ಎಂಬತ್ತೆಂಟು.”

“ನೋಡ್ದಾ! ನಿಮ್ಮಣ್ಣ ಇದ್ದಿದ್ರೆ ಲಾರಿ ತಂದು ಇನ್ನೂ ಇಳಿಸ್ತಿದ್ದ.”

“ಅತ್ತಿಗೇ, ಮಿಸೌರೀಲಿ ಯಾವ್ ಅಂಗಡೀಲೂ ನೂರೈವತ್ತರ ಕೆಳಗೆ ಬಂದಿಲ್ಲ! ಅವ್ನಿಗೆ ಅನುಮಾನ ಬರಲ್ವಾ?”

ಅನುಮಾನ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಐದಕ್ಕೆ ಸೆಂಟು ಬಂತು, ಐದೂ ಹತ್ತಕ್ಕೆ ಕ್ರೇಗ್ ಬಂದ. ಪರದೆ ನೋಡಿದ. ಬಾಯಿ ತೆರೆದ. ನೂರ ಹದಿನೆಂಟು ಲೋಟ ನೀರು ಯಾಕೆ ಹೋಯಿತು ಎಂದು ಅವನು ಕೇಳಲಿಲ್ಲ. ಅವನು ಕೆಳಗಿನ ನಂಬರು ಮಾತ್ರ ಓದುವ ಜಾತಿಯವನು. ಜಾರ್ಜೀನಳ ಎರಡೂ ಕೈ ಹಿಡಿದುಕೊಂಡು ಕುಲುಕಿದ. ಕುಲುಕಿದ ರಭಸಕ್ಕೆ ಅವಳ ಮಂಡಿ ಕಿರುಗುಟ್ಟಿದ್ದು ಹೊರಗೆ ಕಾರಿನಲ್ಲಿದ್ದ ನನಗೂ ಕೇಳಿಸಿತು.

“ಜಾರ್ಜೀನಮ್ಮಾ, ನೀವು ಬಂಗಾರ! ಸೋಮವಾರ ನಮ್ ದೊಡ್ಡ ಮೇಡಮ್ಮನ್ನ ಕರ್ಕೊಂಡ್ ಬರ್ತೀನಿ. ಅವ್ರ್ ಮುಂದೆ ನೀವು ಹೇಗ್ ಮಾಡ್ತೀರ ಅಂತ ತೋರಿಸ್ಬೇಕು. ಎಂಬತ್ತೆಂಟು! ಇನ್ಮೇಲೆ ಹದಿನಾಲ್ಕು ಅಂಗಡಿಗೂ ಇದೇ ಗುರಿ.”

“ತೋರಿಸೋಕಾಗ್ದಿದ್ರೆ?” ಎಂದಳು ಜಾರ್ಜೀನ್.

“ಹೆ ಹೆ! ಆಗ್ದಿದ್ರೆ ಈ ನಂಬರ್ ಸುಳ್ಳು ಅಂತಾಯ್ತು. ಸುಳ್ಳು ನಂಬರ್ ಕೊಟ್ಟೋರ್ನ ಕಂಪ್ನಿ ಇಟ್ಕೊಳಲ್ಲ, ನಿಮಗ್ ಗೊತ್ತಲ್ಲ.”

ಪಟ್ಟ ಹೋಗುವ ಕಡೆ ಈಗ ಕೆಲಸವೇ ಹೋಗುವ ಹಾಗಾಯಿತು. ಮಾಡಿದ್ದು ನಾನು. ಮನೆಗೆ ಹೋಗುವಾಗ ಕಾರಿನಲ್ಲಿ ಅವಳು ನನ್ನ ಕಡೆ ನೋಡಲೇ ಇಲ್ಲ.

“ಬೈಯ್ಯೇ, ಬೈದ್ಬಿಡು,” ಎಂದೆ.

“ನಿಮ್ಮನ್ನ ಬೈದು ಏನ್ ಬಂತು ಅತ್ತಿಗೆ. ಒಂದ್ ಚಮಚ ಸಕ್ಕರೆ ಕೇಳಿದ್ರೆ ಮೂಟೆ ತಲೆ ಮೇಲೆ ಹಾಕೋರು ನೀವು. ಗೊತ್ತಿದ್ದೂ ಕೇಳಿದ್ ನನ್ ತಪ್ಪು.”

ಬೈದಿದ್ದರೆ ವಾಸಿಯಿತ್ತು.

ಸೋಮವಾರ ಹನ್ನೊಂದೂವರೆಗೆ ಬಾರ್ನ್ ಬಾಸ್ಕೆಟ್ಟಿನೊಳಗೆ ನಾವೆಲ್ಲ ಸೇರಿದ್ದೆವು. ನಾನು ಮತ್ತು ಪ್ರಾಕ್ಟರ್ ಕೌಂಟರಿಗೆ ಹತ್ತಿರದ ಮೇಜಿನಲ್ಲಿ ಗಿರಾಕಿಗಳ ಹಾಗೆ ಕೂತೆವು. ಅವನ ಕೈಪಿಡಿಗೆ ಈ ಅಂಗಡಿಯೊಂದೇ ಬಾಕಿ. ದೊಡ್ಡ ಮೇಡಂ ಯೋಲಾಂಡ ಆರ್ಮ್‌ಸ್ಟೆಡ್ ಬಂದರು. ಐವತ್ತೈದರ ಹೆಂಗಸು, ನಗುವುದಕ್ಕೆ ಲೈಸೆನ್ಸು ಬೇಕೇನೋ ಎಂಬಂಥ ಮುಖ. ಒಂದು ಮಾತೂ ಆಡದೆ ಗಡಿಯಾರದ ಪರದೆಯ ಕೆಳಗೆ ಕೈಕಟ್ಟಿ ನಿಂತರು. ಇನ್ನು ಬ್ಯೂಕ್ ಸುತ್ತು ಹೊಡೆಯುವ ಮಾತೇ ಇರಲಿಲ್ಲ. ಆಕೆಯ ಸಹಾಯಕಿ ಹೊರಗೆ ದಾರಿಯ ಪಕ್ಕದಲ್ಲೇ ನಿಂತು ಕಾರು ಎಣಿಸುತ್ತಿದ್ದಳು.

ಮೊದಲ ಮೂರು ಕಾರು ಬರೀ ಕಾಫಿಯವು. ನಲವತ್ತು, ಐವತ್ತು, ನಲವತ್ತೈದು. ಕ್ರೇಗ್ ಮದುಮಗನ ಹಾಗೆ ಅರಳಿದ. ನನಗೂ ಒಂದು ಗಳಿಗೆ ಆಸೆಯಾಯಿತು.

ಅಷ್ಟರಲ್ಲಿ ಹೆದ್ದಾರಿಯಿಂದ ಒಂದು ಬಸ್ಸು ಇಳಿಯಿತು. ಯಾವುದೋ ಊರಿನ ಬ್ಯಾಂಡಿನವರು, ನಲವತ್ತು ಹೊಟ್ಟೆ. ಅವರ ಹಿಂದೆ ಡ್ರೈವ್‌ಥ್ರೂನಲ್ಲಿ ಏಳು ಕಾರು. ಎಲ್ಲರಿಗೂ ಕೋಳಿ ತೊಡೆ ಬೇಕು, ಹೊರಗೆ ಅದರದೇ ದೊಡ್ಡ ಚಿತ್ರ ನೇತಾಡುತ್ತಿತ್ತು. ದೀಪದ ಕೆಳಗೆ ಇದ್ದ ತೊಡೆಗಳು ಎರಡು ನಿಮಿಷದಲ್ಲಿ ಖಾಲಿ. ಹೊಸದನ್ನು ಎಣ್ಣೆಗೆ ಬಿಟ್ಟಳು ಜಾರ್ಜೀನ್. ಆ ದಪ್ಪದ ತೊಡೆ ಬೇಯಲು ಹದಿಮೂರು ನಿಮಿಷ. ಅದಕ್ಕಿಂತ ಒಂದು ನಿಮಿಷವೂ ಕಡಿಮೆ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳ ಕೈಯಿಂದ ಹಸಿ ಕೋಳಿ ಹೊರಗೆ ಹೋಗಿರಲಿಲ್ಲ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಇದೊಂದನ್ನು ಊರಿನಲ್ಲಿ ಯಾರನ್ನಾದರೂ ಕೇಳಿ.

ಪರದೆಯ ಮೇಲೆ ಸೆಕೆಂಡು ಓಡಿತು. ನೂರು. ಇನ್ನೂರ ಹತ್ತು. ಕೆಂಪು. ಹೊರಗೆ ಹಾರನ್ನು. ಜಾರ್ಜೀನ್ ಬೆವರುತ್ತಾ ಎಣ್ಣೆ ತೊಟ್ಟಿಯ ಅಂಚು ಹಿಡಿದುಕೊಂಡು ಒಂದೇ ಕಾಲಲ್ಲಿ ನಿಂತಿದ್ದಳು.

ಕ್ರೇಗ್ ಒಳಗೆ ನುಗ್ಗಿದ. “ಎತ್ರೀ! ಆರ್ ನಿಮಿಷ ಆಯ್ತು, ಎತ್ರಿ ಸಾಕು!”

“ಬೆಂದಿಲ್ಲ ಸಾರ್.”

“ಹೊರಗೆ ಕೆಂಪಗಾಗಿದೆ, ಅಷ್ಟು ಸಾಕು. ಉಳಿದಿದ್ದು ದೀಪದ ಕೆಳಗೆ ಬೇಯುತ್ತೆ!”

“ದೀಪದಲ್ಲಿ ಕೋಳಿ ಬೇಯಲ್ಲ ಸಾರ್. ನಾನ್ ಎತ್ತಲ್ಲ.”

“ಎತ್ತಲ್ವಾ?” ಎಂದು ಅವನೇ ಅವಳನ್ನು ಪಕ್ಕಕ್ಕೆ ಸರಿಸಿ, ಜಾಲರಿ ಬುಟ್ಟಿಯನ್ನು ಎಣ್ಣೆಯಿಂದ ಮೇಲೆತ್ತಿ, ತೊಡೆಗಳನ್ನು ತಟ್ಟೆಗೆ ಸುರಿದ. ಸರಿಸಿದ್ದಕ್ಕೆ ಅವಳ ಮಂಡಿ ತಿರುಚಿಕೊಂಡಿತು.  ತುಟಿ ಕಚ್ಚಿದಳು. ನಾನು ಎದ್ದೇಬಿಟ್ಟೆ. ಪ್ರಾಕ್ಟರ್ ನನಗಿಂತ ಮೊದಲು ಎದ್ದಿದ್ದ.

ಜಾರ್ಜೀನ್ ಮೆಲ್ಲಗೆ ಒಂದು ತೊಡೆಯನ್ನು ಇಕ್ಕಳದಲ್ಲಿ ಎತ್ತಿ, ಕಾಗದ ಹಾಸಿದ ಬುಟ್ಟಿಯಲ್ಲಿಟ್ಟು, ಚಾಕುವಿನಿಂದ ನಡುವೆ ಸೀಳಿದಳು. ಹೊರಗೆ ಚಿನ್ನದ ಬಣ್ಣ. ಒಳಗೆ ಹಲ್ಲು ಕಿತ್ತ ಒಸಡಿನ ಬಣ್ಣ. ಮೂಳೆಯ ಪಕ್ಕದಿಂದ ತಿಳಿಗೆಂಪು ನೀರು ಒಸರಿ ಕಾಗದಕ್ಕೆ ಹರಡಿತು. ರಕ್ತನಾಳ ಇನ್ನೂ ಮಿರಿಮಿರಿ ಮಿಂಚುತ್ತಿತ್ತು. ಆ ವಾಸನೆ! ಮೇಲೆ ಕರಿದ ಮಸಾಲೆ, ಅಡಿಯಲ್ಲಿ ಕಸಾಯಿಖಾನೆಯ ಒದ್ದೆ ನೆಲ. ಬ್ಯಾಂಡಿನ ಹುಡುಗಿಯೊಬ್ಬಳು ತುತ್ತೂರಿ ಪೆಟ್ಟಿಗೆ ಕೆಳಗಿಟ್ಟು ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ಮೂವತ್ತೊಂದು ವರ್ಷದಲ್ಲಿ ನಾನು ಅಸಹ್ಯ ಕಂಡಿದ್ದೇನೆ, ಆದರೆ ಹೊಟ್ಟೆ ಗಂಟಲಿಗೆ ಬಂದದ್ದು ಅವತ್ತೇ. ಕೋಳಿಗೆ ಅಲ್ಲ. ಅದನ್ನು ನೋಡಿಯೂ ಆ ಕ್ರೇಗ್ ಪರದೆಯ ಕಡೆಗೇ ಕಣ್ಣು ಹೊರಳಿಸಿದ್ದಕ್ಕೆ.

“ಕಳ್ಸಿ, ಕಳ್ಸಿ, ಸೆಕೆಂಡ್ ಓಡ್ತಿದೆ!” ಎಂದ.

ಜಾರ್ಜೀನ್ ಬುಟ್ಟಿಯನ್ನು ಅವನ ಮುಂದೆ ಹಿಡಿದಳು. 

“ಎತ್ತಿದ್ದು ನೀವು ಸಾರ್. ರುಚಿ ನೋಡಿ. ನೀವು ಒಂದ್ ತುತ್ತು ತಿಂದ್ರೆ ಇದನ್ನ ಈ ಕಾರಿಗೂ ಕಳಿಸ್ತೀನಿ, ಹಿಂದಿನ್ ಕಾರಿಗೂ ಕಳಿಸ್ತೀನಿ. ಎಂಬತ್ತೆಂಟು ಏನ್ ಬಂತು, ಎಂಟಕ್ಕೇ ಇಳಿಸ್ತೀನಿ.”

  ಪ್ರಾಕ್ಟರ್ ಕೌಂಟರಿಗೆ ಆತುಕೊಂಡು ಪುಸ್ತಕ ತೆರೆದ.

“ನೀವ್ಯಾರು?” ಎಂದು ದೊಡ್ಡ ಮೇಡಂ ಅವತ್ತು ಮೊದಲ ಬಾರಿಗೆ ಬಾಯಿ ಬಿಟ್ಟರು.

“ಪ್ರಯಾಣಿಕರಿಗೆ ಕೈಪಿಡಿ ಬರೀತಿದೀನಿ ಮೇಡಂ. ನಿಮ್ ಕಂಪ್ನಿ ಪುಟ ಇನ್ನೂ ಖಾಲಿ ಇದೆ. ಸಾಹೇಬ್ರು ತಿಂದು ಹೇಗಿದೆ ಅಂತ ಹೇಳಿದ್ರೆ ಅದನ್ನೇ ಬರ್ಕೋತೀನಿ.”

ನನ್ನಿಂದ ಸುಮ್ಮನಿರಲು ಆಗಲಿಲ್ಲ. “ತಿನ್ನಪ್ಪಾ ಕ್ರೇಗು, ನಾಚ್ಕೋಬೇಡ. ಉಪ್ಪು ಬೇಕಾ?”

ಕ್ರೇಗ್ ನಕ್ಕ. ಯಾರೂ ಜೊತೆಗೆ ನಗಲಿಲ್ಲ. ಮೇಡಮ್ಮಿನ ಕಡೆ ನೋಡಿದ. “ಇದು ಚೆನ್ನಾಗೇ ಇದೆ ಮೇಡಂ, ಸ್ವಲ್ಪ ಪಿಂಕ್ ಇರೋದು ಸಹಜ...”

“ಸಹಜಾನಾ?” ಎಂದರು ಮೇಡಂ. “ಹಾಗಾದ್ರೆ ತಿನ್ನಿ.”

ತಿನ್ನುವುದಿಲ್ಲ ಎಂದರೆ, ಬೇಯುವ ಮೊದಲೇ ಎತ್ತಿದ್ದು ತಾನು, ಎಂಬತ್ತೆಂಟು ಆಗದ ಮಾತು ಎಂದು ಒಪ್ಪಿಕೊಂಡ ಹಾಗೆ. ತಿಂದರೆ, ತಿಂದ ಹಾಗೆ. ಗೋಡೆಯ ಮೇಲೆ ಸೆಕೆಂಡು ಐನೂರು ದಾಟಿತ್ತು. ಅವನ ಸೆಂಟಿನ ವಾಸನೆಯನ್ನು ಬೆವರು ನುಂಗಿಹಾಕಿತ್ತು. ಎರಡು ಬೆರಳಲ್ಲಿ ತೊಡೆ ಎತ್ತಿದ. ತಿಳಿಗೆಂಪು ನೀರು ಅವನ ಮಣಿಕಟ್ಟಿನ ಮೇಲೆ ಇಳಿದು, ಇಸ್ತ್ರಿ ಮಾಡಿದ ತೋಳಿನೊಳಗೆ ಹೋಯಿತು. ಬಾಯಿಯ ಹತ್ತಿರ ತಂದ. ಬಾಯಿ ತೆರೆದ. ಅವನ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು.

ದೊಡ್ಡ ಮೇಡಂ ಜಾರ್ಜೀನಳ ಪಟ್ಟ ಮುಟ್ಟಲಿಲ್ಲ. ಹದಿನಾಲ್ಕಕ್ಕೆ ಸರಿಯಾಗಿ ಅವಳಿಗೆ ಹೊಸ ಮಂಡಿ ಬಿತ್ತು, ಕಂಪನಿಯ ಇನ್ಶೂರೆನ್ಸಿನಲ್ಲೇ. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತು ನೋಡಿದವಳು ನಾನು, ಇದರಲ್ಲಿ ಕಾಲು ಭಾಗವೂ ಸುಳ್ಳಿಲ್ಲ. ಪ್ರಾಕ್ಟರ್ ಆ ಪುಟದಲ್ಲಿ ಏನು ಬರೆದ ಎಂದು ಮಾತ್ರ ನನಗೆ ತೋರಿಸಲಿಲ್ಲ. ಬರೆಯುವಾಗ ಅವನ ಭುಜ ಕುಲುಕುತ್ತಿತ್ತು.

ಇಷ್ಟು ಹೊತ್ತು ನನ್ನ ಬಾಯನ್ನೇ ನೋಡುತ್ತಾ ಕೂತಿದ್ದೀರಿ, ಈಗ ನೀವು ಹೇಳಿ. ಅವನು ಕಚ್ಚಿದನೋ, ಇಲ್ಲವೋ?